ಚೈತ್ರದ ಹಿತ್ತಲು: ನಮ್ಮ ಸೀಮೆಯ ಒಂದು ಸಣ್ಣ ಚರಿತ್ರೆ

ಯುಗಾದಿ ಹತ್ತಿರ ಬಂತು ಅಂದ್ರೆ ಸಾಕು, ಪೇಪರಿನ ಪುರವಣಿಗಳಲ್ಲಿ ವಸಂತದ ಬರಹಗಳು ಶುರು. ಕೋಗಿಲೆ, ಮಾವಿನ ಚಿಗುರು, ಮಲ್ಲಿಗೆ... ಜೊತೆಗೆ ಇಂಟರ್ನೆಟ್ಟಿನ ತುಂಬ "ವಸಂತದಲ್ಲಿ ಕೈತೋಟದಲ್ಲಿ ಮಾಡಬೇಕಾದ ಹತ್ತು ಕೆಲಸಗಳು" ಅನ್ನೋ ತರದ ಪಟ್ಟಿಗಳು. ಮಣ್ಣು ಬಿಸಿಯಾಗೋದನ್ನ ಕಾಯಿರಿ, ಹಿಮ ಹೋದ ಮೇಲೆ ಬೀಜ ಹಾಕಿ, ಸಸಿಗಳನ್ನ ನಿಧಾನವಾಗಿ ಬಿಸಿಲಿಗೆ ಒಗ್ಗಿಸಿ ಅಂತ ಉಪದೇಶ.

ಚಳ್ಳಕೆರೆಯಲ್ಲಿ ಮಣ್ಣು ಬಿಸಿಯಾಗೋದನ್ನ ಕಾಯಬೇಕಂತೆ! ಮಾರ್ಚ್ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಹಿತ್ತಲಿಗೆ ಹೋಗಿ ಬಂದವರಿಗೆ ಇದರ ತಮಾಷೆ ಅರ್ಥ ಆಗುತ್ತೆ :-)

ಹಾಗಾದ್ರೆ ನಮ್ಮ ಸೀಮೆಯಲ್ಲಿ ವಸಂತಕ್ಕೆ ಹಿತ್ತಲಲ್ಲಿ ಕೆಲಸವೇ ಇಲ್ವಾ? ಇದೆ, ಬೇಕಾದಷ್ಟಿದೆ. ಆದರೆ ಅದು ಬಿತ್ತೋ ಕೆಲಸ ಅಲ್ಲ. ಗೋಡು ಹೊಡೆಯೋದು, ಗೊಬ್ಬರ ಹರಡೋದು, ಬೇಲಿ ಕಟ್ಟೋದು, ಬೀಜ ಬಿಸಿಲಿಗೆ ಹಾಕೋದು, ಮರಗಳನ್ನ ಉಪವಾಸ ಕೆಡವೋದು, ಇದ್ದಬದ್ದ ನೀರನ್ನ ಯಾವ ಗಿಡಕ್ಕೆ ಕೊಡಬೇಕು ಅಂತ ಲೆಕ್ಕ ಹಾಕೋದು. ಒಂದೊಂದು ಕೆಲಸದ ಹಿಂದೆಯೂ ನೂರಾರು, ಕೆಲವಕ್ಕೆ ಸಾವಿರಾರು ವರ್ಷದ ಚರಿತ್ರೆ ಇದೆ. ಅದನ್ನ ಒಂದು ಕಡೆ ಬರೆದಿಡೋಣ ಅನ್ನಿಸಿತು.

ಹೊರಗಿನವರಿಗೆ ಮೊದಲು ಎರಡು ಮಾತು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಚಿತ್ರದುರ್ಗ ಜಿಲ್ಲೆಯ ಪೂರ್ವದಂಚಿನ ತಾಲ್ಲೂಕುಗಳು, ಆಚೆ ಕಾಲಿಟ್ಟರೆ ಆಂಧ್ರದ ಅನಂತಪುರ, ರಾಯದುರ್ಗ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳೋ ಜಾಗಗಳಲ್ಲಿ ಇವು ಸೇರಿವೆ. ವರ್ಷಕ್ಕೆ 500 ಮಿ.ಮೀ. ಆಸುಪಾಸು, ಎಷ್ಟೋ ವರ್ಷ ಅದಕ್ಕೂ ಕಡಿಮೆ. ಅದರಲ್ಲೂ ಹೆಚ್ಚಿನದು ಬೀಳೋದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಅಂದ್ರೆ ಯುಗಾದಿ ಹೊತ್ತಿಗೆ ಒಳ್ಳೆ ಮಳೆ ಕಂಡು ಐದಾರು ತಿಂಗಳಾಗಿರುತ್ತೆ. ಪಶ್ಚಿಮದ ದೇಶಗಳ ವಸಂತ ಚಳಿಗಾಲದ ಕೊನೆ. ನಮ್ಮ ವಸಂತ ನೀರಿನ ಕೊನೆ. ಎಲ್ಲ ವ್ಯತ್ಯಾಸವೂ ಇಲ್ಲಿಂದಲೇ.

ಬ್ರಹ್ಮಗಿರಿಯ ಕೆಳಗೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಹೆಸರು ನಿಮಗೆ ಗೊತ್ತಿರಬಹುದು. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನ ಪತ್ತೆ ಮಾಡಿದರು. ಆಮೇಲೆ 1940ರ ದಶಕದಲ್ಲಿ ಡಾ. ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆದರು. ಕೆಳಗಿನ ಪದರದಲ್ಲಿ ನಯ ಮಾಡಿದ ಕಲ್ಲಿನ ಕೊಡಲಿಗಳ ಜನ, ಅದರ ಮೇಲೆ ಬೃಹತ್ ಶಿಲಾಗೋರಿಗಳ ಜನ, ಅದರ ಮೇಲೆ ಇತಿಹಾಸ ಕಾಲದವರು. ದಕ್ಷಿಣ ಭಾರತದ ಪ್ರಾಚೀನ ಚರಿತ್ರೆಗೆ ಒಂದು ಏಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಸಿಕ್ಕಿದ್ದು ಇಲ್ಲೇ.

ಆ ಕಲ್ಲುಕೊಡಲಿಯ ಜನ ಏನು ತಿನ್ನುತ್ತಿದ್ದರು? ಬಳ್ಳಾರಿ ಕಡೆಯ ಸಂಗನಕಲ್ಲು, ತೆಕ್ಕಲಕೋಟೆ, ಹಾವೇರಿ ಜಿಲ್ಲೆಯ ಹಳ್ಳೂರು, ಹೀಗೆ ಅದೇ ಕಾಲದ ನೆಲೆಗಳ ಮಣ್ಣನ್ನ ಜರಡಿ ಹಿಡಿದು, ಸುಟ್ಟು ಉಳಿದ ಕಾಳುಗಳನ್ನ ಹುಡುಕಿದ ಕೆಲಸ ಕಳೆದ ಕೆಲವು ದಶಕಗಳಲ್ಲಿ ಚೆನ್ನಾಗಿ ನಡೆದಿದೆ. ಸಿಕ್ಕಿದ್ದು ಮುಖ್ಯವಾಗಿ ಹುರುಳಿ, ಹೆಸರು, ಕೊರಲೆ, ಇನ್ನೊಂದೆರಡು ಸಣ್ಣ ಹುಲ್ಲುಧಾನ್ಯ. ನಾಲ್ಕು ಸಾವಿರ ವರ್ಷದ ಹಿಂದಿನ ಮಾತು! ಇವೆಲ್ಲ ಮಳೆಗಾಲದ ಬೆಳೆಗಳು ಅನ್ನೋದನ್ನ ಗಮನಿಸಿ. ಅಂದ್ರೆ ಆಗಲೂ ಚೈತ್ರ ವೈಶಾಖಗಳು ಬಿತ್ತೋ ತಿಂಗಳಲ್ಲ. ಕೂಡಿಟ್ಟಿದ್ದನ್ನ ತಿನ್ನೋ, ಬೀಜಕ್ಕೆ ಅಂತ ಇಟ್ಟಿದ್ದನ್ನ ತಿನ್ನದೇ ಕಾಯೋ ತಿಂಗಳು. ಈ ಎರಡನೇ ಕೆಲಸ ಇದೆಯಲ್ಲ, ಅದೇ ನಮ್ಮ ಹಿತ್ತಲ ಚರಿತ್ರೆಯ ಮೊದಲ ಪಾಠ ಅಂತ ನನ್ನ ಅನಿಸಿಕೆ.

ಇನ್ನು ಅಶೋಕ. ಅವನು ದಾರಿ ಬದಿಯಲ್ಲಿ ಮರ ನೆಡಿಸಿದ, ಬಾವಿ ತೋಡಿಸಿದ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಆದರೆ ಆ ಮಾತು ನಮ್ಮ ಬ್ರಹ್ಮಗಿರಿಯ ಬಂಡೆಯಲ್ಲಿ ಇಲ್ಲ. ಇಲ್ಲಿರೋದು ಲಘು ಶಾಸನ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಮೂಲಕ ಇಸಿಲದ ಮಹಾಮಾತ್ರರಿಗೆ ಕಳಿಸಿದ ಸಂದೇಶ. ತಂದೆ ತಾಯಿ ಮಾತು ಕೇಳಿ, ನಿಜ ಹೇಳಿ, ಗುರುಗಳನ್ನ ಗೌರವಿಸಿ ಅನ್ನೋ ಬುದ್ಧಿಮಾತು. ಗಿಡಮರದ ಮಾತು ಬರೋದು ಎರಡನೇ ಬೃಹತ್ ಶಿಲಾಶಾಸನದಲ್ಲಿ, ಅದರ ಪ್ರತಿಯನ್ನ ನೋಡಬೇಕಂದ್ರೆ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಮನುಷ್ಯರಿಗೂ ಪ್ರಾಣಿಗಳಿಗೂ ಬೇಕಾದ ಔಷಧಿ ಗಿಡಗಳು, ಬೇರುಗಳು, ಹಣ್ಣುಗಳು ಎಲ್ಲೆಲ್ಲಿ ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಲಾಗಿದೆ ಅನ್ನೋದು ಅದರ ತಾತ್ಪರ್ಯ. ಇಲ್ಲದ ಗಿಡವನ್ನ ಬೇರೆ ಕಡೆಯಿಂದ ತಂದು ನೆಡೋದು ರಾಜನ ಕೆಲಸ ಅಂತ ಕಲ್ಲಲ್ಲಿ ಬರೆಸಿದ್ದು ದೊಡ್ಡ ಸಂಗತಿಯೇ. ಆದರೆ ನೆಟ್ಟ ಗಿಡಕ್ಕೆ ಮೊದಲ ಬೇಸಿಗೆಯಲ್ಲಿ ನೀರು ಹೊತ್ತವರು ಯಾರು? ಅದು ಯಾವ ಬಂಡೆಯಲ್ಲೂ ಇಲ್ಲ.

ಇದು ಬರೀ ಅಶೋಕನ ವಿಷಯ ಅಲ್ಲ. ಆಮೇಲಿನ ಕನ್ನಡ ಶಾಸನಗಳಲ್ಲಿ ಗದ್ದೆ, ಬೆದ್ದಲು, ತೋಟ ಎಲ್ಲ ಬರುತ್ತೆ. ಮೈಸೂರು ಕಾಲದ ಕಂದಾಯ ದಫ್ತರಗಳಲ್ಲಿ ತರಿ, ಖುಷ್ಕಿ, ಬಾಗಾಯ್ತು ಅಂತ ವಿಂಗಡಣೆ ಇದೆ. ಯಾಕಂದ್ರೆ ಇವಕ್ಕೆಲ್ಲ ತೆರಿಗೆ ಇತ್ತು. ಹಿತ್ತಲು ಅಪರೂಪಕ್ಕೆ ಮನೆಯ ಜೊತೆ ಹೆಸರಿಗೆ ಬಂದರೂ ಅಲ್ಲಿ ಯಾವ ಬಳ್ಳಿ ಹಬ್ಬಿತ್ತು ಅಂತ ಬರೆದಿಡೋ ಅಗತ್ಯ ಯಾವ ಶಾನುಭೋಗನಿಗೂ ಇರಲಿಲ್ಲ. ಹೆಂಗಸರು ನೋಡಿಕೊಳ್ಳುತ್ತಿದ್ದ, ಸಂತೆಗೆ ಹೋಗದ, ಸಾರಿಗೆ ಮಾತ್ರ ಆಗುತ್ತಿದ್ದ ಬೆಳೆ ಅದು. ಹಾಗಾಗಿ ಅದರ ಚರಿತ್ರೆಯನ್ನ ದಾಖಲೆಗಳಲ್ಲಿ ಹುಡುಕೋದಕ್ಕಿಂತ ಕೆಲಸಗಳಲ್ಲಿ, ಗಿಡಗಳ ಹೆಸರುಗಳಲ್ಲಿ ಹುಡುಕಬೇಕು.

ಹಾಗಂತ ಪುಸ್ತಕವೇ ಇಲ್ಲ ಅಂತಲ್ಲ. ಕ್ರಿ.ಶ. 1025ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಎರಡನೇ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಅನ್ನೋ ಕವಿ 'ಲೋಕೋಪಕಾರ' ಅಂತ ಒಂದು ಗ್ರಂಥ ಬರೆದ (ಶ್ರವಣಬೆಳಗೊಳದ ಚಾವುಂಡರಾಯ ಬೇರೆ, ಈತ ಬೇರೆ). ಮಳೆಯ ಲಕ್ಷಣ, ಅಂತರ್ಜಲ ಹುಡುಕೋದು, ವೃಕ್ಷಾಯುರ್ವೇದ, ಅಡುಗೆ ಎಲ್ಲ ಇರೋ ಮನೆವಾರ್ತೆಯ ವಿಶ್ವಕೋಶ ಅದು. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಗಿಡ ಸಾಕೋದರ ಬಗ್ಗೆ ಅಧ್ಯಾಯವೇ ಇತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಕೆರೆ ಒಣಗಿದಾಗ ಶುರುವಾಗೋ ಕೆಲಸ

ನಮ್ಮ ಕಡೆ ಊರ ಹೆಸರುಗಳನ್ನೇ ನೋಡಿ. ಚಳ್ಳಕೆರೆ ಹೆಸರಲ್ಲೇ ಕೆರೆ. ನಾಯಕನಹಟ್ಟಿಯಲ್ಲಿ ಚಿಕ್ಕಕೆರೆ, ದೊಡ್ಡಕೆರೆ. ಅವನ್ನ ಕಟ್ಟಿಸಿದ್ದು ತಿಪ್ಪೇರುದ್ರಸ್ವಾಮಿ ಅಂತ ಜನರ ನಂಬಿಕೆ. "ಮಾಡಿದಷ್ಟು ನೀಡು ಭಿಕ್ಷೆ" ಅನ್ನೋ ಅವರ ಮಾತು ಈಗಲೂ ಎಲ್ಲರ ಬಾಯಲ್ಲಿದೆ. ಫಾಲ್ಗುಣದಲ್ಲಿ ನಡೆಯೋ ಅಲ್ಲಿನ ತೇರು ನಮ್ಮ ಸೀಮೆಯ ಕ್ಯಾಲೆಂಡರಿನ ದೊಡ್ಡ ಗುರುತು. ಕೊಬ್ಬರಿ ಸುಟ್ಟು ಹರಕೆ ತೀರಿಸಿ, ಮನೆಗೆ ಬಂದರೆ ಇನ್ನು ಯುಗಾದಿ. ಯುಗಾದಿಗೆ ಹೊನ್ನಾರು ಹೂಡಿ ಹೊಸ ವರ್ಷದ ಬೇಸಾಯಕ್ಕೆ ಮುಹೂರ್ತ ಮಾಡೋದು ಪದ್ಧತಿ. ಚಿತ್ರದುರ್ಗದ ಪಾಳೆಯಗಾರರಲ್ಲಿ ಭರಮಣ್ಣ ನಾಯಕ (1689-1721) ಕೆರೆಗಳನ್ನ ಕಟ್ಟಿಸಿದ್ದಕ್ಕೇ ಹೆಸರಾದವನು, ಭರಮಸಾಗರ ಅವನ ಹೆಸರಿನದೇ.

ಕೆರೆಗೂ ಹಿತ್ತಲಿಗೂ ಏನು ಸಂಬಂಧ? ಗೋಡು. ಚೈತ್ರ ವೈಶಾಖದಲ್ಲಿ ಕೆರೆ ಬತ್ತಿ, ಅಂಗಳ ಬಿರುಕು ಬಿಟ್ಟಾಗ ಅದರ ತಳದ ಕರಿ ಮಣ್ಣನ್ನ ಗಾಡಿಗೆ ತುಂಬಿ ಹೊಲಕ್ಕೆ, ಹಿತ್ತಲಿಗೆ ಹೊಡೆಯುತ್ತಿದ್ದರು. ನಮ್ಮದು ಬಹುಪಾಲು ಮರಳು ಮಿಶ್ರಿತ ಕೆಂಪು ನೆಲ, ಹಾಕಿದ ನೀರು ಕ್ಷಣದಲ್ಲಿ ಇಂಗಿ ಹೋಗುತ್ತೆ. ಗೋಡಿನಲ್ಲಿರೋ ನುಣುಪು ಜೇಡಿ, ಕೊಳೆತ ಎಲೆ-ಸಗಣಿ ಅಂಶ ಆ ನೀರನ್ನ ಹಿಡಿದಿಡುತ್ತೆ. ಒಂದು ಗಾಡಿ ಗೋಡು ಹಾಕಿದ ಪಾತಿಗೆ ಎರಡು ಕೊಡದ ಬದಲು ಒಂದು ಕೊಡ ಸಾಕು ಅನ್ನೋ ಲೆಕ್ಕ ಅವರದು. ಜೊತೆಗೆ ಕೆರೆಯ ಹೂಳೂ ಪುಕ್ಕಟೆ ತೆಗೆದಂಗಾಯ್ತು. ಕೆರೆಯ ಆರೋಗ್ಯ, ಹಿತ್ತಲಿನ ಆರೋಗ್ಯ ಎರಡಕ್ಕೂ ಒಂದೇ ಗಾಡಿ! ಎತ್ತಿನ ಗಾಡಿಗಳು ಕಮ್ಮಿಯಾಗಿ ಟ್ರ್ಯಾಕ್ಟರ್, ಜೆಸಿಬಿ ಬಂದ ಮೇಲೆ ಗೋಡು ತೆಗೆಯೋದು ಕಂಟ್ರಾಕ್ಟ್ ಕೆಲಸ ಆಯಿತು. ಲೋಡುಗಟ್ಟಲೆ ಹೊಡೆಸೋ ಶಕ್ತಿ ಇದ್ದವರ ತೋಟಕ್ಕೆ ಹೋಯಿತು. ಹಿತ್ತಲಿಗೆ ಅಂತ ಎರಡು ಗಾಡಿ ತರೋ ರೂಢಿ ಸದ್ದಿಲ್ಲದೆ ನಿಂತುಹೋಯಿತು.

ಗೋಡಿನ ಜೊತೆಗೆ ಗೊಬ್ಬರ. ತಿಪ್ಪೆ ಬಗೆದು, ಚೆನ್ನಾಗಿ ಕಳಿತಿದ್ದನ್ನ ಆರಿಸಿ, ಮೊದಲ ಮಳೆಗೆ ಮುಂಚೆ ಪಾತಿಗೆ ಹರಡೋದು. ನಮ್ಮ ಸೀಮೆಯ ವಿಶೇಷ ಅಂದ್ರೆ ಕುರಿಗೊಬ್ಬರ. ಚಳ್ಳಕೆರೆ ಕಂಬಳಿ ನಿಮಗೆ ಗೊತ್ತು. ಆ ಕಂಬಳಿ ಕೊಟ್ಟ ಕುರಿಗಳೇ ನೆಲಕ್ಕೆ ಗೊಬ್ಬರವನ್ನೂ ಕೊಟ್ಟವು. ಬೇಸಿಗೆಯಲ್ಲಿ ಖಾಲಿ ಹೊಲದಲ್ಲಿ ರಾತ್ರಿ ಮಂದೆ ತಂಗಿಸಿಕೊಂಡು ಕುರಿಯವರಿಗೆ ಕಾಳು ಅಳೆಯುತ್ತಿದ್ದರು. ಈ ಕುರಿ, ದನಗಳೆಲ್ಲ ಮೇಯುತ್ತಿದ್ದುದು ಅಮೃತಮಹಲ್ ಕಾವಲುಗಳಲ್ಲಿ. 2008-09ರ ನಂತರ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಬಾರ್ಕ್‌ನಂಥ ಸಂಸ್ಥೆಗಳಿಗೆ ಹೋಯಿತು. ವಿಜ್ಞಾನ ನಗರಿ ಬೇಕೋ ಬೇಡವೋ ಅನ್ನೋ ಚರ್ಚೆ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಬರಹ ಬೇಕು. ನಾನು ಹೇಳೋದು ಇಷ್ಟೇ: ಹುಲ್ಲುಗಾವಲಿಗೂ ಹಿತ್ತಲ ಬದನೆ ಗಿಡಕ್ಕೂ ನಡುವೆ ಕುರಿಯೊಂದು ನಿಂತಿದೆ. ಮೇವು ಕಮ್ಮಿಯಾದರೆ ಕುರಿ ಕಮ್ಮಿ, ಕುರಿ ಕಮ್ಮಿಯಾದರೆ ಗೊಬ್ಬರ ಕಮ್ಮಿ. ಇದಕ್ಕೆ ಯಾವ ಸಂಶೋಧನೆಯೂ ಬೇಡ.

ಬೇಲಿಯ ಕಥೆ

ಚೈತ್ರದ ಇನ್ನೊಂದು ಕೆಲಸ ಬೇಲಿ. ಬೇಸಿಗೆಯಲ್ಲಿ ಊರಲ್ಲಿ ಎಲ್ಲೂ ಹಸಿರಿರೋಲ್ಲ. ಇರೋ ಒಂದು ನುಗ್ಗೆ, ಒಂದು ಕರಿಬೇವಿನ ಮೇಲೆ ಇಡೀ ಊರ ಮೇಕೆಗಳ ಕಣ್ಣು. ಹಾಗಾಗಿ ಬೇಲಿ ಭದ್ರ ಮಾಡದೆ ಏನೂ ಉಳಿಯೋಲ್ಲ.

ಹಿಂದೆ ಬೇಲಿ ಅಂದ್ರೆ ಪಾಪಾಸುಕಳ್ಳಿ. ಅದು ಅಮೆರಿಕದ ಗಿಡ. ಕೆಂಪು ಬಣ್ಣ ಕೊಡೋ ಹುಳ ಸಾಕಬೇಕು ಅಂತ ಈಸ್ಟ್ ಇಂಡಿಯಾ ಕಂಪನಿಗೆ ಆಸೆ ಇತ್ತು. 1795ರಲ್ಲಿ ಬ್ರೆಜಿಲ್‌ನಿಂದ ಹುಳವೂ ಬಂತು. ಆದರೆ ಅದು ಒಳ್ಳೆ ಬಣ್ಣ ಕೊಡೋ ಜಾತಿ ಆಗಿರಲಿಲ್ಲ. ಬಣ್ಣದ ವ್ಯಾಪಾರ ಏಳಲಿಲ್ಲ, ಕಳ್ಳಿ ಮಾತ್ರ ದಕ್ಷಿಣದ ತುಂಬ ಹಬ್ಬಿಕೊಂಡಿತು. ಕೊನೆಗೆ ಅದನ್ನ ಕೊಲ್ಲೋಕೆ 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯ ಹುಳ ತಂದರು. ಅದು ತನ್ನ ಕೆಲಸವನ್ನ ಎಷ್ಟು ಚೆನ್ನಾಗಿ ಮಾಡಿತು ಅಂದ್ರೆ, ಕೆಲವೇ ವರ್ಷಗಳಲ್ಲಿ ಮೈಲಿಗಟ್ಟಲೆ ಕಳ್ಳಿ ಬೇಲಿಗಳು ಕೊಳೆತು ನೆಲಕ್ಕೆ ಬಿದ್ದವು. ಕೀಟದಿಂದ ಕಳೆ ನಿಯಂತ್ರಿಸಿದ ಯಶಸ್ವಿ ಉದಾಹರಣೆ ಅಂತ ಇದನ್ನ ಪುಸ್ತಕಗಳಲ್ಲಿ ಓದುತ್ತೇವೆ. ಬೇಲಿ ಕಳಕೊಂಡ ಹಿತ್ತಲುಗಳ ಬಗ್ಗೆ ಆ ಪುಸ್ತಕಗಳು ಏನೂ ಹೇಳೋಲ್ಲ.

ಆ ಜಾಗಕ್ಕೆ ಬಂದಿದ್ದು ಬಳ್ಳಾರಿ ಜಾಲಿ. ಇದೂ ಅಮೆರಿಕದ್ದೇ. 1877ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ಕಡಪ ಜಿಲ್ಲೆಯಲ್ಲಿ ಬೀಜ ಹಾಕಿದ್ದು ನಮ್ಮ ಕಡೆಯ ಮೊದಲ ದಾಖಲೆಗಳಲ್ಲಿ ಒಂದು. ಸೌದೆ ಆಗಲಿ, ಬಂಜರು ಹಸಿರಾಗಲಿ ಅಂತ ತಂದಿದ್ದು. ಬಳ್ಳಾರಿ ದಿಕ್ಕಿನಿಂದ ಬಂದಿದ್ದಕ್ಕೆ ನಾವು ಬಳ್ಳಾರಿ ಜಾಲಿ ಅಂದೆವು. ಈಗ ಅದರ ಮುಳ್ಳುಕಂಪೆಯೇ ಬೇಲಿ, ಅದರ ಕೊರಡೇ ಒಲೆಗೆ ಸೌದೆ. ಆದರೆ ಬೇಲಿಗೆ ಕಡಿದು ತಂದ ಕಂಪೆಯ ಕಾಯಿಗಳು ಉದುರಿ, ಮುಂದಿನ ವರ್ಷ ಹಿತ್ತಲ ಒಳಗೇ ಜಾಲಿ ಮೊಳೆತಿರುತ್ತೆ. ಅದನ್ನ ಬುಡಸಮೇತ ಕೀಳೋದು ಚೈತ್ರದ ಕೆಲಸದ ಪಟ್ಟಿಗೆ ಹೊಸದಾಗಿ ಸೇರಿದ್ದು!

ಸೀಮೆಯಿಂದ ಬಂದವರು

ಗಿಡಗಳ ಹೆಸರು ಕಿವಿಗೊಟ್ಟು ಕೇಳಿ. ಪರಂಗಿ ಹಣ್ಣು ಅಂದ್ರೆ ಫರಂಗಿಯವರ ಹಣ್ಣು, ಅದೇ ಪಪ್ಪಾಯಿ. ಮೆಣಸಿನಕಾಯಿ ಅಂದ್ರೆ ಮೆಣಸಿನ ಜಾಗಕ್ಕೆ ಬಂದ ಕಾಯಿ. 'ಸೀಮೆ' ಅಂತ ಹಿಂದೆ ಸೇರಿದ್ದೆಲ್ಲ ಹೊರಗಿನದು: ಸೀಮೆ ಹುಣಸೆ, ಸೀಮೆ ಬದನೆ. ಸೀಮೆ ಬದನೆಯಂತೂ ಲಾಲ್‌ಬಾಗಿನಲ್ಲಿ 1874ರಿಂದ 1908ರವರೆಗೆ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ತರಿಸಿದ್ದು. ಬೆಂಗಳೂರಿನ ತಂಪಿಗೆ ಒಗ್ಗಿತು, ನಮ್ಮ ಬಿಸಿಲಿಗೆ ಒಗ್ಗಲಿಲ್ಲ. ಟೊಮೇಟೊ, ಸೀಬೆ, ಸೀತಾಫಲ, ಸಿಹಿಕುಂಬಳ, ಕಡ್ಲೆಕಾಯಿ ಇವೆಲ್ಲ ಪೋರ್ಚುಗೀಸರ ಕಾಲದಿಂದೀಚೆಗೆ ಅಮೆರಿಕದಿಂದ ಬಂದವು. ಇವನ್ನೆಲ್ಲ ತೆಗೆದುಬಿಟ್ಟರೆ ಹಳೆ ಹಿತ್ತಲಲ್ಲಿ ಉಳಿಯೋದು ಅವರೆ, ಬದನೆ, ಹೀರೆ, ಹಾಗಲ, ಸೋರೆ, ಬೂದುಗುಂಬಳ, ದಂಟು, ಹರಿವೆ, ನುಗ್ಗೆ, ಕರಿಬೇವು, ನೆಲ್ಲಿ, ಬಾರೆ.

ಆಮೇಲೆ ಬಂದವರಲ್ಲಿ ನಮ್ಮ ನೆಲಕ್ಕೆ ಅತಿ ಹೆಚ್ಚು ಹೊಂದಿದ್ದು ಸೀತಾಫಲ. ಮೊಳಕಾಲ್ಮುರಿನ ಕಲ್ಲುಗುಡ್ಡಗಳಲ್ಲಿ ಯಾರೂ ನೆಡದೆ ಬೆಳೆಯುತ್ತೆ. ಬೇಸಿಗೆ ಶುರುವಿನಲ್ಲಿ ಎಲೆಯೆಲ್ಲ ಉದುರಿಸಿ ಸತ್ತಂತೆ ನಿಂತಿರುತ್ತೆ. ಒಂದು ಮಳೆ ಬಿದ್ದರೆ ಚಿಗುರೂ ಹೂವೂ ಒಟ್ಟಿಗೆ.

ಈ ಎಲೆ ಉದುರಿಸೋ ಗುಟ್ಟನ್ನೇ ಹಣ್ಣಿನ ಗಿಡ ಬೆಳೆಯೋರು ಕಲಿತುಕೊಂಡಿದ್ದು. ದಾಳಿಂಬೆಯವರನ್ನ ಕೇಳಿ, ಅವರ ಮಾತಲ್ಲಿ ಮೂರು 'ಬಹಾರ್'ಗಳಿವೆ. ಅಂಬೆ ಬಹಾರ್, ಅಂದ್ರೆ ಜನವರಿ-ಫೆಬ್ರವರಿ ಹೂವು. ಮೃಗ ಬಹಾರ್, ಜೂನ್-ಜುಲೈ ಹೂವು. ಹಸ್ತ ಬಹಾರ್, ಸೆಪ್ಟೆಂಬರ್-ಅಕ್ಟೋಬರ್ ಹೂವು. ಅಂಬೆ ಬಹಾರ್ ಹಿಡಿಯಬೇಕಂದ್ರೆ ಇಡೀ ಬೇಸಿಗೆ ನೀರು ಕೊಡಬೇಕು, ಅದು ಬೋರ್‌ವೆಲ್ ಇದ್ದವರ ಆಟ. ಮಳೆ ನಂಬಿದ ಹಿತ್ತಲಿಗೆ ಮೃಗ ಬಹಾರೇ ಗತಿ. ಅದಕ್ಕೆ ಏಪ್ರಿಲ್-ಮೇನಲ್ಲಿ ದಾಳಿಂಬೆಗೆ ನೀರು ನಿಲ್ಲಿಸಿ, ಬುಡದ ಮಣ್ಣು ಹಗುರವಾಗಿ ಕೆದಕಿ, ಗಿಡವನ್ನ ಉಪವಾಸ ಕೆಡವುತ್ತಾರೆ. ಎಲೆ ಉದುರುತ್ತೆ. ಒಣಗಿದ ರೆಂಬೆ ಸವರಿ, ಬುಡಕ್ಕೆ ಗೊಬ್ಬರ ಕೊಟ್ಟು ಮಣ್ಣು ಮುಚ್ಚಿ ಕಾಯೋದು. ಮುಂಗಾರು ತಾಗಿದ ಕೂಡಲೆ ಹೂವು. ವಸಂತದಲ್ಲಿ ಗಿಡಕ್ಕೆ ನೀರು *ಕೊಡದೇ ಇರೋದು* ಒಂದು ಕೆಲಸ ಅಂತ ಯಾವ ಇಂಗ್ಲಿಷ್ ಪಟ್ಟಿಯಲ್ಲಾದರೂ ಓದಿದ್ದೀರಾ?

ಒಣಭೂಮಿಯಲ್ಲೂ ಹಣ್ಣು ಬೆಳೆಯಬಹುದು ಅಂತ ಸರ್ಕಾರದ ಮಟ್ಟದಲ್ಲಿ ಹಟ ಹಿಡಿದವರು ಡಾ. ಎಂ.ಎಚ್. ಮರಿಗೌಡರು. ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮಾಡಿ ಬಂದವರು. ನಮ್ಮ ರಾಜ್ಯದಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ಆಗಿದ್ದು 1963ರಲ್ಲಿ, ಅದನ್ನ ಕಟ್ಟಿ ಬೆಳೆಸಿದ್ದು ಅವರು. ನೀರಾವರಿ ಇಲ್ಲದ ರೈತನೂ ಮಾವು, ಸೀಬೆ, ಹುಣಸೆ ತರದ ಮರ ಬೆಳೆಸಬೇಕು ಅನ್ನೋದು ಅವರ ವಾದದ ತಿರುಳು.

ಬಚ್ಚಲ ನೀರು

ಎಲ್ಲ ಹೇಳಿ ನೀರಿನ ಮಾತು ಕೊನೆಗಿಟ್ಟೆ. ಯಾಕಂದ್ರೆ ಹಿತ್ತಲಿನ ಚರಿತ್ರೆ ಅಂದ್ರೆ ಕೊನೆಗೂ ನೀರಿನ ಚರಿತ್ರೆಯೇ.

ಬಾಗಾಯ್ತಿಗೆ ಕಪಿಲೆ ಬಾವಿ ಇತ್ತು, ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತೋದು. ಹಿತ್ತಲಿಗೆ ಇದ್ದಿದ್ದು ಬಚ್ಚಲ ನೀರು ಮಾತ್ರ. ಸ್ನಾನದ್ದು, ಪಾತ್ರೆ ತೊಳೆದದ್ದು, ಅಕ್ಕಿ ತೊಳೆದದ್ದು ಎಲ್ಲ ಒಂದು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆ ಬುಡಕ್ಕೆ, ಅಲ್ಲಿಂದ ನಿಂಬೆಗೆ, ಅಲ್ಲಿಂದ ಕೆಸವು ದಂಟುಗಳಿಗೆ. ಸೀಗೆಪುಡಿ, ಬೂದಿ, ಕಡ್ಲೆಹಿಟ್ಟಿನ ಕಾಲದಲ್ಲಿ ಆ ನೀರು ಗಿಡಕ್ಕೆ ಏನೂ ಮಾಡುತ್ತಿರಲಿಲ್ಲ. ಡಿಟರ್ಜೆಂಟ್ ಪುಡಿ ಬಂದ ಮೇಲೆ ನೀರಿನಲ್ಲಿ ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗೋಕೆ ಶುರುವಾಯಿತು. ಬಟ್ಟೆ ಒಗೆದ ನೀರನ್ನ ಬೇರೆ ಬಿಡಬೇಕು ಅನ್ನೋದು ಈಗಿನ ಕಾಲದ ಹೊಸ ಪಾಠ.

ಬೇಸಿಗೆಯ ಸಸಿಗಳಿಗೆ ಮಡಕೆ ಹೂಳೋದೂ ಇತ್ತು. ಸುಣ್ಣ ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನ ಕುತ್ತಿಗೆವರೆಗೂ ಹೂತು, ನೀರು ತುಂಬಿ ಮುಚ್ಚಿದರೆ ಅದು ಜಿನುಗುತ್ತಾ ಬೇರಿಗೆ ಸಿಗುತ್ತೆ, ಬಿಸಿಲಿಗೆ ಆರೋಲ್ಲ. ಇದು ನಮ್ಮದೊಂದೇ ಉಪಾಯ ಅಲ್ಲ. ಚೀನಾದ ಫಾನ್ ಷೆಂಗ್‌ಜಿ ಅನ್ನೋನ ಎರಡು ಸಾವಿರ ವರ್ಷ ಹಳೆಯ ಕೃಷಿ ಗ್ರಂಥದಲ್ಲಿ ಕರಬೂಜದ ಬಳ್ಳಿಗೆ ಹೀಗೇ ಮಡಕೆ ಹೂಳೋ ವಿವರ ಇದೆ. ಒಣ ನೆಲದ ಜನ ಎಲ್ಲಿದ್ದರೂ ಒಂದೇ ತರ ಯೋಚಿಸುತ್ತಾರೆ ಅನ್ನಿಸುತ್ತೆ.

ಎಪ್ಪತ್ತು-ಎಂಬತ್ತರ ದಶಕದಲ್ಲಿ ಬೋರ್‌ವೆಲ್‌ಗಳು ಬಂದವು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಮೆರೆದ ಕಾಲವೂ ಸುಮಾರು ಅದೇ, ಖಾದ್ಯತೈಲದಲ್ಲಿ ಮುಂಬೈ ಬಿಟ್ಟರೆ ನಮ್ಮೂರೇ ಅಂತ ಹೆಮ್ಮೆ ಪಡುತ್ತಿದ್ದರು. ಹೊಲದ ತುಂಬ ಕಡ್ಲೆಕಾಯಿಯೇ ಆಯಿತು. ಹಿಂದೆ ಹೊಲದಲ್ಲೇ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು ಬರುತ್ತಿದ್ದವು. ಕಡ್ಲೆಕಾಯಿ ಹೆಚ್ಚಾದಂತೆ ಆ ಸಾಲುಗಳು ಕಿರಿದಾದವು, ಆ ಬೀಜಗಳಿಗೆ ಹಿತ್ತಲೇ ಕೊನೆಯ ಆಶ್ರಯ ಆಯಿತು. ಹಾಗಂತ ಮಿಲ್ಲುಗಳು ಹಿತ್ತಲಿಗೆ ಏನೂ ಕೊಡಲಿಲ್ಲ ಅಂತಲ್ಲ. ಹಿಂಡಿ ಗೊಬ್ಬರವಾಯಿತು, ಸಿಪ್ಪೆ ಪಾತಿಗೆ ಹೊದಿಕೆಯಾಯಿತು.

ಈಗ ಚಳ್ಳಕೆರೆ ತಾಲ್ಲೂಕು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಬರುತ್ತಿದೆ. ಊರೊಳಗೆ ಸಿಮೆಂಟ್ ಚರಂಡಿ ಬಂತು. ಅದು ಬೇಕಿತ್ತು, ಸೊಳ್ಳೆ, ಕೊಳೆ ಕಮ್ಮಿಯಾಯಿತು, ಇಲ್ಲ ಅನ್ನೋಲ್ಲ. ಆದರೆ ಬಚ್ಚಲ ನೀರು ಹಿತ್ತಲ ಕಡೆ ಹೋಗೋ ಬದಲು ರಸ್ತೆ ಕಡೆ ತಿರುಗಿತು. ಮನೆ ದೊಡ್ಡದಾಗಿ ಹಿತ್ತಲು ಸಣ್ಣದಾಯಿತು, ಉಳಿದದ್ದಕ್ಕೆ ಕಾಂಕ್ರೀಟ್ ಬಿತ್ತು.

ಏನು ಕಳಕೊಂಡ್ವಿ ಅಂದ್ರೆ

"ಅಯ್ಯೋ, ಸಂತೆಯಲ್ಲಿ ತರಕಾರಿ ಸಿಗಲ್ವಾ?" ಅಂತ ಕೇಳಬಹುದು. ಸಿಗುತ್ತೆ. ಆದರೆ ನೂರೈವತ್ತು ವರ್ಷ ಹಿಂದೆ ಹೋಗಿ ನೋಡಿ. 1876-78ರ ಧಾತು-ಈಶ್ವರ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಅಂಥ ಬರಕ್ಕೆ ಯಾವ ಹಿತ್ತಲೂ ಉತ್ತರ ಅಲ್ಲ, ನಿಜ. ನೀರೇ ಇಲ್ಲದಾಗ ಬಳ್ಳಿ ಎಲ್ಲಿಂದ? ಆದರೆ ಬರ ಮುಗಿದ ಮೇಲೆ ಮತ್ತೆ ಶುರು ಮಾಡೋಕೆ ಬೇಕಾದದ್ದು ಬೀಜ. ಅದು ಯಾವ ಉಗ್ರಾಣದಲ್ಲೂ ಇರಲಿಲ್ಲ. ಹೊಟ್ಟೆ ಕಟ್ಟಿ ಉಳಿಸಿದವರ ಗಡಿಗೆಗಳಲ್ಲಿತ್ತು.

ಸರ್ಕಾರಗಳಿಗೂ ಹಿತ್ತಲು ನೆನಪಾಗೋದು ಕಷ್ಟ ಬಂದಾಗ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿ ಶುರುವಾಯಿತು. ಇತ್ತೀಚಿನ ವರ್ಷಗಳಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಿಸಿದ್ದೂ ಉಂಟು. ಒಳ್ಳೆಯದೇ. ಆದರೆ ಪ್ಯಾಕೆಟ್ ಬೀಜ ತಂದು ಹಾಕಿದ ಕೈತೋಟ ಒಂದು ವರ್ಷದ್ದು. ಬೀಜ ಎತ್ತಿಡೋರು ಇದ್ದರೆ ಮಾತ್ರ ಅದಕ್ಕೆ ಮುಂದಿನ ವರ್ಷ.

ಆ ಎತ್ತಿಡೋ ಕೆಲಸವೂ ಚೈತ್ರದ್ದೇ. ಹೀರೆ, ಸೋರೆ ಬೀಜ ಬುರುಡೆಯೊಳಗೇ ಒಣಗಲಿ ಅಂತ ಸೂರಿಗೆ ಕಟ್ಟೋದು. ಬದನೆ ಬೀಜ ತೊಳೆದು ಬೂದಿಯಲ್ಲಿ ಹೊರಳಿಸೋದು. ಅವರೆ ಕಾಳಿಗೆ ಕೆಮ್ಮಣ್ಣು ಮೆತ್ತಿ ಒಣಗಿಸೋದು, ಹುಳ ಬೀಳದಿರಲಿ ಅಂತ. ಗಡಿಗೆಗೆ ಬೇವಿನ ಸೊಪ್ಪು. ಅಶ್ವಿನಿ, ಭರಣಿ ಮಳೆ, ಅಂದ್ರೆ ಏಪ್ರಿಲ್ ನಡುವಿನಿಂದ ಮೇ ಎರಡನೇ ವಾರದವರೆಗೆ, ಎಲ್ಲಾದರೂ ಒಂದು ಹದ ಬಿತ್ತೋ, ಬೇಲಿ ಬುಡದಲ್ಲಿ ಬಳ್ಳಿ ಬೀಜ ಊರೋದು. ಎಲ್ಲವನ್ನೂ ಅಲ್ಲ, ಅರ್ಧ ಮಾತ್ರ! ಮಳೆ ಕೈಕೊಟ್ಟು ಮೊಳಕೆ ಸುಟ್ಟರೆ ಕೃತ್ತಿಕೆ, ರೋಹಿಣಿಗೆ ಇನ್ನರ್ಧ ಇರಲಿ ಅಂತ. ನನ್ನಜ್ಜಿ ಬಳ್ಳಿ ಬೀಜವನ್ನ ಹೀಗೆ ಎರಡು ಪಾಲು ಮಾಡುತ್ತಿದ್ದರು. ಎರಡನೇ ಪಾಲಿನ ಗಂಟಿಗೆ ರೋಹಿಣಿವರೆಗೂ ಯಾರೂ ಕೈ ಹಾಕುವಂತಿರಲಿಲ್ಲ. ಮೇಲೆ ಬ್ರಹ್ಮಗಿರಿಯ ವಿಷಯದಲ್ಲಿ "ತಿನ್ನದೇ ಕಾಯೋದು" ಅಂದೆನಲ್ಲ, ಅದೇ ಇದು.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ವೇದಾವತಿಯಲ್ಲಿ ನೀರು ಕಂಡು ನಮ್ಮ ಕಡೆಯವರು ಹಬ್ಬ ಮಾಡಿದರು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯೂ ಆಯಿತು. ಆ ನೀರು ಬರಲಿ, ಬೇಗ ಬರಲಿ. ಆದರೆ ಯಾವ ಯೋಜನೆಯ ನಕ್ಷೆಯಲ್ಲೂ ಹಿತ್ತಲು ಇರೋಲ್ಲ. ನೀರು ಬಂದ ದಿನ ನಲ್ಲಿ ತಿರುಗಿಸಿದರೆ ನೀರು ಸಿಕ್ಕೀತು. ಭರಣಿಗೆ ಅರ್ಧ ಬೀಜ, ಕೃತ್ತಿಕೆಗೆ ಅರ್ಧ ಅನ್ನೋ ಲೆಕ್ಕ ನಲ್ಲಿಯಲ್ಲಿ ಬರೋಲ್ಲ. ಮಳೆ ತಪ್ಪಿದ ವರ್ಷ ಬೇಕಾಗೋದು ಆ ಲೆಕ್ಕ, ಮತ್ತು ನಮ್ಮ ಸೀಮೆಯಲ್ಲಿ ಮಳೆ ತಪ್ಪದ ವರ್ಷಗಳೇ ಕಮ್ಮಿ.

ಈ ಸಲ ಯುಗಾದಿಗೆ ಊರಿಗೆ ಹೋಗೋರು ಒಂದು ಕೆಲಸ ಮಾಡಿ. ಹಬ್ಬದ ಊಟ ಆದಮೇಲೆ ಮನೆಯ ಹಿರಿ ಹೆಂಗಸರ ಹತ್ತಿರ ಕೂತು, ಯಾವ ಯಾವ ಬೀಜ ಇಟ್ಟಿದ್ದೀರಿ, ಅದು ಯಾರ ಮನೆಯಿಂದ ಬಂದಿದ್ದು, ಯಾವ ಮಳೆಗೆ ಊರುತ್ತೀರಿ ಅಂತ ಕೇಳಿ ಬರೆದುಕೊಳ್ಳಿ. ಒಂದು ಹಾಳೆ ಸಾಕು. ಬರುವಾಗ ನಾಲ್ಕು ಅವರೆ ಬೀಜ ಕೇಳಿ ತಗೊಂಡು ಬನ್ನಿ. ಬಾಲ್ಕನಿಯ ಕುಂಡದಲ್ಲಾದರೂ ಸರಿ, ಅರ್ಧ ಮಾತ್ರ ಹಾಕಿ.